ಕಿಂಡಿ ಟೀಚರೂ ಕಂದು ಪರದೆಯೂ

ಕಲೆ ಎಂದರೆ ಅಂಗಿಯ ಮೇಲೆ ಆಗುವಂಥದ್ದು, ಸೋಪು ಹಚ್ಚಿ ತಿಕ್ಕಿದರೆ ಹೋಗುವಂಥದ್ದು ಎಂಬ ತಿಳಿವಳಿಕೆಯೇ ನಮ್ಮ ಬೀದಿಯಲ್ಲಿ ಬಹುಕಾಲ ಇತ್ತು. ಗೋಡೆಗೆ ತೂಗುಹಾಕುವ ಕಲೆಯೂ ಒಂದಿದೆ, ಅದನ್ನು ತಿಕ್ಕಬಾರದು, ನೋಡಬೇಕು ಎಂದು ನಮಗೆ ಕಲಿಸಿದವರು ಕಿಂಡಿ ಟೀಚರ್. ಹಾಗೆಂದು ಅವರು ಯಾವ ಶಾಲೆಯ ಟೀಚರೂ ಅಲ್ಲ. ಆರ್ಟ್ ಗ್ಯಾಲರಿಯಲ್ಲಿ ಮಕ್ಕಳ ವಿಭಾಗದ ಕೆಲಸ ಅವರದು. ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅದರಲ್ಲಿ ಅರ್ಧ ಮಕ್ಕಳಿಗೆ, ಇನ್ನರ್ಧ ನೆಲ ಒರೆಸುವ ಬಕೆಟ್ಟುಗಳಿಗೆ. ಎರಡೂ ಕಡೆ ಬಣ್ಣಗೆಟ್ಟ ನೀರೇ ಇರುತ್ತಿದ್ದುದರಿಂದ ಯಾರೂ ಗಡಿ ಹಾಕುವ ಗೋಜಿಗೆ ಹೋಗಿರಲಿಲ್ಲ.

ಗ್ಯಾಲರಿಯ ಛಾವಣಿ ಸೋರಿ, ರಿಪೇರಿಗೆಂದು ಬಾಗಿಲು ಹಾಕಿದಾಗ ಟೀಚರ್ ಒಂದು ಉಪಾಯ ಹೂಡಿದರು. ಜನ ಚಿತ್ರದ ಹತ್ತಿರ ಬರದಿದ್ದರೆ ಚಿತ್ರವೇ ಜನರ ಮನೆಗೆ ಹೋಗಲಿ. ಹೆಸರು ಕೊಟ್ಟ ಮನೆಗಳಿಗೆಲ್ಲ ಪ್ರತಿ ತಿಂಗಳು ಒಂದು ಲಕೋಟೆ. ಒಳಗೆ ಒಂದು ಚಿತ್ರದ ಅಚ್ಚು, ಜೊತೆಗೆ ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕೊರೆದ ಕಪ್ಪು ರಟ್ಟು. ಶನಿವಾರ ಬೆಳಿಗ್ಗೆ ಟೀಚರ್ ವಿಡಿಯೋದಲ್ಲಿ ಬರುವ ಹೊತ್ತಿಗೆ ಮನೆಮಂದಿಯೆಲ್ಲ ಫೋನಿನ ಮುಂದೆಯೋ ಕಂಪ್ಯೂಟರಿನ ಮುಂದೆಯೋ ಕೂರಬೇಕು. ರಟ್ಟನ್ನು ಚಿತ್ರದ ಮೇಲೆ ಇಟ್ಟು, ಕಿಂಡಿಯಲ್ಲಿ ಕಂಡಷ್ಟನ್ನು ಮಾತ್ರ ನೋಡಿ ಹೇಳಬೇಕು, ಆಮೇಲೆ ಅಷ್ಟಷ್ಟೇ ಸರಿಸಬೇಕು. ಚಿತ್ರಕಾರನ ಹೆಸರು ಇಲ್ಲ, ಚಿತ್ರದ ಹೆಸರು ಇಲ್ಲ, ಸರಿ ತಪ್ಪು ಇಲ್ಲ. ಟೀಚರ್ ಎಂಬ ಹೆಸರಿಗೆ ಕಿಂಡಿ ಸೇರಿಕೊಂಡದ್ದು ಹೀಗೆ. ಪಕ್ಕದ ಮನೆಯ ಜಗಳವನ್ನೂ ಮಕ್ಕಳು ಅದೇ ರಟ್ಟಿನಲ್ಲಿ ನೋಡಲು ಕಲಿತರು ಎಂಬ ದೂರು ಬಂದಾಗ ಟೀಚರ್, "ಪೂರ್ತಿ ಜಗಳ ನೋಡೋದಕ್ಕಿಂತ ಅದು ಒಳ್ಳೇದು" ಎಂದು ಬಾಯಿ ಮುಚ್ಚಿಸಿದರು.

ಅವರದು ಒಂದೇ ನಿಯಮ: ಕಂಡದ್ದು ಹೇಳಿ, ಗೊತ್ತಿರೋದು ಬೇಡ. ಮೊದಲ ಶನಿವಾರದ್ದು ಒಂದು ಹಸುವಿನ ಚಿತ್ರ. ಒಬ್ಬ ತಂದೆ, ಬ್ಯಾಂಕಿನ ಗುಮಾಸ್ತರು, ಮಗನನ್ನು ಪಕ್ಕಕ್ಕೆ ತಳ್ಳಿ ಮುಖ ತೋರಿಸಿದರು.

"ಮೇಡಂ, ಇದು ಯಾರು ಬರೆದಿದ್ದು? ಇದಕ್ಕೆ ಏನು ಬೆಲೆ?"

"ಅದಿರಲಿ ಸಾರ್. ಹಸುಗೆ ಎಷ್ಟು ಕಾಲು?"

"ಹಸುಗೆ ನಾಲ್ಕು ಕಾಲಲ್ಲದೆ ಇನ್ನೆಷ್ಟು?"

"ಎಣಿಸಿ ಹೇಳಿ."

ಗುಮಾಸ್ತರು ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಮೂರು ಇದೆ. ಅಂದ್ರೆ ಇನ್ನೊಂದು ಹಿಂದೆ..."

"ಕಂಡಿದ್ದು ಮೂರು. ನಾಲ್ಕನೇದು ನಿಮಗೆ ಗೊತ್ತಿರೋದು."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಹೇಳಿ ಮೇಡಂ, ಚೆನ್ನಾಗಿ ಹೇಳಿ. ಈ ಮನೇಲಿ ನಾನೂ ಹಾಗೇ. ಇದ್ದೀನಿ ಅಂತ ಗೊತ್ತು, ಕಣ್ಣಿಗೆ ಮಾತ್ರ ಕಾಣಲ್ಲ."

ಎಲ್ಲ ಮನೆಗಳಲ್ಲೂ ನಗು. ಟೀಚರ್ ಮಾತ್ರ ನಗಲಿಲ್ಲ. ಆ ಮಾತಿನಲ್ಲಿ ಅವರಿಗೆ ನಗುವಂಥದ್ದು ಏನೂ ಕಂಡಿರಲಿಲ್ಲ.

ಅದಕ್ಕೆ ಕಾರಣ ಒಂದು ಚಿತ್ರ. ಗ್ಯಾಲರಿಯ ದೊಡ್ಡ ಹಾಲಿನಲ್ಲಿ, ಬಾಗಿಲಿಗೆ ಎದುರಾಗಿಯೇ ತೂಗುಹಾಕಿರುವ ಚಿತ್ರ. ಹೆಸರು 'ಮನೆ ಮಂದಿ'. ಒಂದು ಊಟದ ಮೇಜು. ಸುತ್ತ ನಾಲ್ಕು ಜನ: ಪತ್ರಿಕೆ ಮಡಿಸುತ್ತಿರುವ ಅಪ್ಪ, ಕೈಯೊರೆಸಿಕೊಳ್ಳುತ್ತಿರುವ ಅಮ್ಮ, ತೂಕಡಿಸುತ್ತಿರುವ ಅಜ್ಜಿ, ಮತ್ತೆ ಬಾಗಿಲಿನತ್ತ ನೋಡುತ್ತಿರುವ ಚಿಕ್ಕ ಮಗ. ಮೇಜಿನ ಮೇಲೆ ಐದು ಲೋಟ. ಎಡಗಡೆಯ ಮೂಲೆಯಲ್ಲಿ ಮೇಲಿನಿಂದ ನೆಲದವರೆಗೆ ಇಳಿಬಿದ್ದ ಒಂದು ಕಂದು ಪರದೆ. ಚಿತ್ರದ ಉಳಿದ ಭಾಗವೆಲ್ಲ ತೆಳುವಾಗಿ, ಉಸಿರಾಡುವಂತೆ ಬರೆದದ್ದು. ಪರದೆ ಮಾತ್ರ ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪ.

ಬರೆದವರು ಟೀಚರ್ ಅವರ ದೊಡ್ಡಣ್ಣ. ಈಗ ಅವರು ಹೆಸರುವಾಸಿ ಕಲಾವಿದರು. ಆಗ ಮೀಸೆ ಮೂಡುತ್ತಿದ್ದ, ಎಣ್ಣೆಬಣ್ಣದ ವಾಸನೆಗೆ ಇಡೀ ಮನೆಗೆ ತಲೆನೋವು ತರಿಸುತ್ತಿದ್ದ ಹುಡುಗ. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಣ್ಣ ಚಿತ್ರದಲ್ಲಿದ್ದಾರೆ. ಕೊನೆಯ ಮಗಳಾದ ಟೀಚರ್ ಇಲ್ಲ.

ಆದರೆ ಅವಳು ಕೂತಿದ್ದಳು. ಇದು ಟೀಚರಿಗೆ ತಮ್ಮ ಹೆಸರಿನಷ್ಟೇ ಖಚಿತವಾಗಿ ಗೊತ್ತು. ಬೇಸಿಗೆ ರಜೆಯ ಅಷ್ಟೂ ಮಧ್ಯಾಹ್ನ, ಹಳದಿ ಫ್ರಾಕು ತೊಟ್ಟು, ಆ ಮೂಲೆಯಲ್ಲಿ ಒಂದು ಮಣೆಯ ಮೇಲೆ. "ಅಲ್ಲಾಡಬೇಡ. ಅಲ್ಲಾಡಿದ್ರೆ ಮೂಗು ಸೊಟ್ಟ ಬರುತ್ತೆ, ಆಮೇಲೆ ಸಾಯೋವರೆಗೂ ಸೊಟ್ಟ ಮೂಗಿನವಳು ಅಂತಾರೆ" ಎಂದಿದ್ದ ದೊಡ್ಡಣ್ಣ. ನೊಣ ಬಂದು ಕೆನ್ನೆಯ ಮೇಲೆ ಕೂತರೂ ಹುಡುಗಿ ಅಲ್ಲಾಡಲಿಲ್ಲ. ಹೊರಗೆ ಗೆಳತಿಯರು ಕೂಗಿ ಕೂಗಿ ಸೋತು ಹೋದರು. ರಜೆ ಮುಗಿಯಿತು, ಚಿತ್ರವೂ ಮುಗಿಯಿತು, ಎಲ್ಲರನ್ನೂ ಕರೆದು ತೋರಿಸಿದ. ಹುಡುಗಿ ತನ್ನನ್ನು ಹುಡುಕಿದಳು. ತಾನು ಕೂತ ಜಾಗದಲ್ಲಿ ಪರದೆ ಬಿದ್ದಿತ್ತು. ಅವರ ಮನೆಯಲ್ಲಿ ಅಂಥ ಪರದೆಯೇ ಇರಲಿಲ್ಲ.

ಅಳುತ್ತ ಅಡುಗೆಮನೆಗೆ ಓಡಿ ಕೇಳಿದ್ದಕ್ಕೆ ಅಮ್ಮ, ಒಲೆಯಿಂದ ಮುಖ ಎತ್ತದೆ ಹೇಳಿದರು: "ನಿಮ್ಮಪ್ಪ ತೆಗಿ ಅಂದ್ರು, ತೆಗೆದ. ನನ್ನ ತಲೆ ತಿನ್ನಬೇಡ, ಹೋಗು."

ಅಂದಿನಿಂದ ಹುಡುಗಿ ಅಪ್ಪನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಅಪ್ಪ ತಂದ ರಿಬ್ಬನ್ನು ಕಟ್ಟಿಕೊಳ್ಳಲಿಲ್ಲ. ಮದುವೆಯಾಗಿ ಹೋಗುವಾಗ ಅಪ್ಪ ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರು. ಅವಳು ಅಷ್ಟರಲ್ಲಿ ಗಾಡಿ ಹತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ದಿನವೂ ಹೋಗಿ ಔಷಧಿ ಕುಡಿಸಿ ಬಂದಳು, ಆದರೆ ಒಂದು ದಿನವೂ ಕುರ್ಚಿ ಎಳೆದು ಪಕ್ಕದಲ್ಲಿ ಕೂರಲಿಲ್ಲ. ಅಳಿಸಿದವರಿಗೆ ಔಷಧಿ ಕುಡಿಸುವುದೇ ದೊಡ್ಡ ಮಾತು ಎಂದುಕೊಂಡಿದ್ದಳು.

ಇದೆಲ್ಲ ಗೊತ್ತಿದ್ದದ್ದು ಅವರ ಗಂಡ ಒಬ್ಬರಿಗೇ. ಗಡಿಯಾರ ರಿಪೇರಿಯವರು, ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವವರು. ಒಂದು ಕಣ್ಣು ಕೆಲಸಕ್ಕೆ, ಒಂದು ಕಣ್ಣು ಸಂಸಾರಕ್ಕೆ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವವರು.

"ನಿನ್ನನ್ನ ಒರೆಸಿದ್ದು ಒಳ್ಳೇದೇ ಆಯ್ತು ಬಿಡು," ಎನ್ನುತ್ತಿದ್ದರು. "ಇಲ್ಲದಿದ್ರೆ ಗ್ಯಾಲರಿಯವರು ನಿನ್ನನ್ನೂ ಕೊಂಡ್ಕೊಂಡು ಹೋಗಿ ಮೊಳೆ ಹೊಡೀತಿದ್ರು. ನನಗೆ ಯಾರು ಸಿಗ್ತಿದ್ರು?"

"ನಿಮಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ ಮಾರಾಯ್ತಿ. ನಿಂತುಹೋದ ಗಡಿಯಾರಾನ ನಾನು ದಿನಾ ನೋಡ್ತೀನಿ. ನೀನು ಆ ಮಣೆ ಮೇಲೇ ನಿಂತುಬಿಟ್ಟಿದ್ದೀಯ."

ಗ್ಯಾಲರಿಯ ಕೆಲಸಕ್ಕೆ ಟೀಚರ್ ಅರ್ಜಿ ಹಾಕಿದ್ದೇ ಆ ಪರದೆಯ ಹತ್ತಿರ ಇರಬೇಕೆಂದು. ಅಣ್ಣನ ಶಿಫಾರಸು ಕೇಳಲಿಲ್ಲ. ಚಿತ್ರದ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಎಷ್ಟೋ ವರ್ಷ ನೋಡಿಸಿದರು. ತಾವಾಗಿ ಬಾಯಿಬಿಟ್ಟು ಹೇಳಿದರೆ ಅದು ಹಳೆಯ ದೂರು. ಏನೂ ಗೊತ್ತಿಲ್ಲದ ಒಂದು ಕಣ್ಣು ತಾನಾಗಿ ನೋಡಿ, ಇಲ್ಲಿ ಯಾರೋ ಇದ್ದರು ಎಂದುಬಿಟ್ಟರೆ ಅದು ಸಾಕ್ಷಿ. ಅವರು ಕಾಯುತ್ತಿದ್ದದ್ದು ಆ ಕಣ್ಣಿಗಾಗಿ.

ಛಾವಣಿ ಇನ್ನೂ ಸೋರುತ್ತಿದ್ದ ಒಂದು ತಿಂಗಳು ಮನೆಮನೆಗೆ 'ಮನೆ ಮಂದಿ'ಯ ಅಚ್ಚು ಹೋಯಿತು.

ಶನಿವಾರ ಬೆಳಿಗ್ಗೆ ಬೇರೆ ಚಿತ್ರಗಳಿಗೆಲ್ಲ ಮಕ್ಕಳು ಕಿಂಡಿಯನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು. ಈ ಸಲ ಟೀಚರ್, "ಎಡಗಡೆ ಮೂಲೆಯಿಂದ ಶುರು ಮಾಡೋಣ್ವಾ?" ಎಂದರು. ಒಬ್ಬ ಹೊಲಿಗೆಯವಳ ಮಗಳಿದ್ದಳು, ಜುಟ್ಟು ಸದಾ ಒಂದು ಕಡೆ ಜಾರಿರುವ ಪುಟ್ಟ ಹುಡುಗಿ. ಅವಳ ಮಾತಿನ ಹಿಂದೆ ಯಾವಾಗಲೂ ಅಮ್ಮನ ಹೊಲಿಗೆ ಯಂತ್ರದ ಕಟಕಟ.

"ಟೀಚರ್, ಲೋಟ ಐದಿದೆ! ಜನ ನಾಲ್ಕೇ!"

"ಹೌದಾ? ಲೋಟ ಆಮೇಲೆ ನೋಡೋಣ. ಮೂಲೇಲಿ ಏನಿದೆ?"

"ಅಜ್ಜಿ ನಿದ್ದೆ ಮಾಡ್ತಿದ್ದಾರೆ."

"ಅಜ್ಜಿ ಆಮೇಲೆ. ಮೂಲೇಲಿ?"

"ಪರದೆ. ತುಂಬಾ ದಪ್ಪ ಇದೆ. ಹಿಂದೆ ಏನೋ ಉಬ್ಬಿದೆ."

"ಭೇಷ್! ಏನು ಉಬ್ಬಿದೆ? ಇನ್ನೂ ನೋಡು, ಅವಸರ ಇಲ್ಲ."

ಹುಡುಗಿ ನೋಡಿದಳು. ಅಲ್ಲಾಡದೆ ನೋಡಿದಳು. ಮುಂದಿನ ಶನಿವಾರವೂ ಅದೇ ಮೂಲೆ, ಅದರ ಮುಂದಿನದೂ ಅದೇ. ಗುಮಾಸ್ತರ ಹೆಂಡತಿ, "ಏನ್ ಮೇಡಂ, ಹಸುಗೆ ಹತ್ತು ನಿಮಿಷ, ಪರದೆಗೆ ತಿಂಗಳಾ?" ಎಂದು ಕಿಚಾಯಿಸಿದಳು. ಟೀಚರ್ ಕೇಳಿಸದವರಂತೆ ಕಿಂಡಿಯನ್ನು ಮತ್ತೆ ಮೂಲೆಗೇ ಒಯ್ದರು. ಕೊನೆಗೊಂದು ಬೆಳಿಗ್ಗೆ ಹೊಲಿಗೆಯವಳ ಮಗಳು ರಟ್ಟನ್ನು ಕೆಳಗಿಟ್ಟು, "ಟೀಚರ್, ಹಿಂದೆ ಒಬ್ಬಳು ಹುಡುಗಿ ಇದ್ದಾಳೆ. ಐದನೇ ಲೋಟ ಅವಳದ್ದು" ಎಂದಳು.

ಟೀಚರ್ ಕ್ಯಾಮೆರಾ ಆರಿಸಿದರು. ನೆಟ್‌ವರ್ಕ್ ಹೋಯಿತೆಂದು ಎಲ್ಲರೂ ಭಾವಿಸಿದರು. ಕಣ್ಣೊರೆಸಿಕೊಂಡು ಅವರು ಮತ್ತೆ ಬರುವಷ್ಟರಲ್ಲಿ ಎಲ್ಲ ಮನೆಗಳ ಮಕ್ಕಳೂ ಆ ಹುಡುಗಿಯನ್ನು ಕಂಡಾಗಿತ್ತು. ಒಬ್ಬನಿಗೆ ಅವಳ ಕಾಲು ಕಂಡಿತು, ಇನ್ನೊಬ್ಬನಿಗೆ ಹಲ್ಲೂ ಕಂಡಿತು.

ಸುದ್ದಿ ಗ್ಯಾಲರಿಯ ನಿರ್ದೇಶಕನ ಕಿವಿಗೆ ಬಿತ್ತು. ವಯಸ್ಸು ಚಿಕ್ಕದು, ನಾಲಿಗೆ ಉದ್ದ. ಐದನೆಯ ಲೋಟ 'ನೋಡುಗನಿಗೆ ಇತ್ತ ಆಹ್ವಾನ' ಎಂದು ಚಿತ್ರದ ಕೆಳಗೆ ಫಲಕ ಬರೆಸಿದವನು ಇವನೇ. ಆ ಆಹ್ವಾನ ನಂಬಿ ಬಂದ ನೋಡುಗರಿಗೆ ಕುಡಿಯುವ ನೀರಿನ ನಲ್ಲಿಯೂ ಗ್ಯಾಲರಿಯಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು. ಚಿತ್ರಗಳನ್ನು ದುರಸ್ತಿ ಮಾಡುವ ಒಬ್ಬಾಕೆ ಇದ್ದಳು. ಬಣ್ಣದ ಅಡಿಯ ಬಣ್ಣವನ್ನೂ ಹಿಡಿಯುವ ಕ್ಯಾಮೆರಾ ಅವಳ ಹತ್ತಿರ ಇತ್ತು.

"ಅದರಲ್ಲಿ ಫೋಟೋ ತೆಗೆಸೋಣ ಮೇಡಂ," ಎಂದ ನಿರ್ದೇಶಕ. "ಮಕ್ಕಳು ಮನೇಲಿ ಕೂತು ನೋಡ್ತಾ ಇರಲಿ, ನಾವು ಇಲ್ಲಿ ಪರದೆ ಎತ್ತೋಣ. ಎಂಥಾ ಪ್ರಚಾರ! ನಿಮ್ಮಣ್ಣನವರಿಗೂ ಖುಷಿ ಆಗುತ್ತೆ."

ಕ್ಯಾಮೆರಾ ಇಡುವ ದಿನ ಬೆಳಿಗ್ಗೆ ಟೀಚರ್ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿದರು. ಗಂಡ ಭೂತಗನ್ನಡಿ ತೆಗೆದು ಎರಡು ಕಣ್ಣಲ್ಲೂ ನೋಡಿದರು.

"ಏನು, ಹೆಣ್ಣು ನೋಡೋ ಶಾಸ್ತ್ರಾನಾ?"

"ಹೌದು ಅಂದ್ಕೊಳ್ಳಿ. ಹಳದಿ ಫ್ರಾಕು ಹಾಕ್ಕೊಂಡಿರ್ತಾಳೆ. ಸರಿಯಾಗಿ ನೋಡಿ."

"ಇಲ್ಲದೇ ಹೋದ್ರೆ?"

"ಅದೆಂಗ್ರೀ ಇಲ್ಲದೇ ಹೋಗ್ತಾಳೆ? ಕೂತಿದ್ದವಳು ನಾನು."

ದೊಡ್ಡ ಹಾಲಿನಲ್ಲಿ ಸೋರುವ ಕಡೆಯಲ್ಲೆಲ್ಲ ಬಕೆಟ್ಟು ಇಟ್ಟಿದ್ದರು. ದುರಸ್ತಿಯಾಕೆ ಕ್ಯಾಮೆರಾವನ್ನು ಪರದೆಯ ಮುಂದೆ ನಿಲ್ಲಿಸಿದಳು. ಕಂಪ್ಯೂಟರಿನ ಮೇಲೆ ಬೂದುಬಣ್ಣದ ಚಿತ್ರ ಮೇಲಿನಿಂದ ಕೆಳಗೆ ಪಟ್ಟಿಪಟ್ಟಿಯಾಗಿ ಮೂಡತೊಡಗಿತು. ಮನೆಗಳಲ್ಲಿ ಮಕ್ಕಳು ಉಸಿರು ಹಿಡಿದಿದ್ದರು. ಪರದೆ ಹೊಗೆಯಂತೆ ತೆಳ್ಳಗಾಯಿತು. ಹಿಂದಿನ ಗೋಡೆ ಬಂತು. ಗೋಡೆಗೆ ಒರಗಿದ ಒಂದು ಸಣಕಲು ನೆಟ್ಟನೆಯ ಆಕಾರ ಬಂತು.

"ಹುಡುಗಿ! ಹುಡುಗಿ!" ಎಂದು ಫೋನುಗಳೆಲ್ಲ ಕಿರುಚಿದವು.

ಟೀಚರ್ ಎದ್ದು ನಿಂತರು. ಆಕಾರ ಕೆಳಕ್ಕೆ ಇಳಿಯುತ್ತ ಇಳಿಯುತ್ತ ಅಗಲವಾಯಿತು, ಫ್ರಾಕಿನ ಹಾಗೆಯೇ. ಆಮೇಲೆ ಫ್ರಾಕು ಕಡ್ಡಿಕಡ್ಡಿಯಾಗಿ ಬಿಡಿಸಿಕೊಂಡಿತು.

ದುರಸ್ತಿಯಾಕೆ ಬಗ್ಗಿ ನೋಡಿದಳು. "ಪೊರಕೆ," ಎಂದಳು. "ಗೋಡೆಗೆ ಒರಗಿಸಿಟ್ಟ ಪೊರಕೆ. ಚೆನ್ನಾಗಿ ಬರೆದಿದ್ದಾರೆ."

"ಅದರ ಪಕ್ಕ? ಪಕ್ಕದಲ್ಲಿ ಮಣೆ ಇದೆಯಾ ನೋಡಿ. ಮಣೆ ಮೇಲೆ..."

"ಬರೀ ಗೋಡೆ ಮೇಡಂ. ಒಂದೇ ಸಲಕ್ಕೆ ಬಳಿದಿರೋ ಗೋಡೆ. ಅಲ್ಲಿ ಯಾರನ್ನೂ ಯಾವತ್ತೂ ಬರೆದಿಲ್ಲ."

ಮೂಗು ಸೊಟ್ಟವಾಗಿ ಬಂದಿದ್ದರೂ ಟೀಚರಿಗೆ ಚಿಂತೆ ಇರಲಿಲ್ಲ. ಬಣ್ಣ ಬಯಲಾದದ್ದು ಅಣ್ಣನದಲ್ಲ, ಪರದೆಯದೂ ಅಲ್ಲ, ತಮ್ಮದೇ ಎಂದು ಅವರಿಗೆ ಅನಿಸಿತು. ಫೋನಿನಲ್ಲಿ ಹೊಲಿಗೆಯವಳ ಮಗಳು, "ಟೀಚರ್, ಹಾಗಾದ್ರೆ ಲೋಟ ಯಾರದ್ದು?" ಎಂದು ಕೇಳುತ್ತಿದ್ದಳು. ಟೀಚರ್ ಚೀಲ ಎತ್ತಿಕೊಂಡರು.

ಅಲ್ಲಿಂದ ನೆಟ್ಟಗೆ ಅಣ್ಣನ ಮನೆಗೆ ಹೋದರು. ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಕೈ ಈಗ ನಡುಗುತ್ತದೆ. ಚಮಚ ಹಿಡಿಯುವುದೇ ಕಷ್ಟ, ಕುಂಚದ ಮಾತೆಲ್ಲಿ. ತಂಗಿಯನ್ನು ಕಂಡು ಮುಖ ಅರಳಿತು.

"ಬಾರೇ ಪುಟ್ಟಿ. ಏನು, ಬೆಂಕಿ ಬಿದ್ದೋರ ಹಾಗೆ ಬಂದೆ?"

"ಅಣ್ಣ, ನನ್ನನ್ನ ಯಾಕೆ ಬರೀಲಿಲ್ಲ?"

"ಯಾವುದ್ರಲ್ಲಿ?"

"ಮನೆ ಮಂದೀಲಿ. ರಜ ಪೂರ್ತಿ ಕೂತಿದ್ದೆ. ಅಲ್ಲಾಡಬೇಡ ಅಂದಿದ್ದೆ ನೀನು."

ಅಣ್ಣ ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡರು. ನೆನಪಾದಾಗ ನಗು ಬಂತು. ಕೆಟ್ಟ ನಗುವಲ್ಲ, ಹಳೆಯ ಚೇಷ್ಟೆ ನೆನಪಾದವರ ಮನಸಾರೆ ನಗು.

"ಅಯ್ಯೋ ಹುಚ್ಚಿ! ಅದನ್ನ ನಿಜ ಅಂದ್ಕೊಂಡಿದ್ಯಾ? ಅಮ್ಮ ಹೇಳಿದ್ಲು ಕಣೇ. 'ಈ ಹುಡುಗಿ ಕೈಗೆ ಕಾಲಿಗೆ ಸಿಗ್ತಾಳೆ, ಬಣ್ಣ ತುಳೀತಾಳೆ, ಚಿತ್ರ ಬರೀತೀನಿ ಅಂತ ಹೇಳಿ ಒಂದು ಕಡೆ ಕೂರಿಸೋ' ಅಂತ. ಎಷ್ಟು ಚೆನ್ನಾಗಿ ಕೂತಿದ್ದೆ ಗೊತ್ತಾ ನೀನು! ಗೊಂಬೆ ಹಾಗೆ."

"ಅಪ್ಪ ತೆಗಿ ಅಂದ್ರಂತೆ?"

"ಅಪ್ಪ ಚಿತ್ರಾನ ಮುಗಿಯೋವರೆಗೂ ನೋಡೇ ಇಲ್ಲ. ಅಮ್ಮ ಪೊರಕೆ ನೋಡಿ ಬೈದ್ಲು. ಊಟದ ಮನೇಲಿ ಪೊರಕೆ ಬರೆದ್ರೆ ನೋಡ್ದೋರು ನನ್ನ ಬಗ್ಗೆ ಏನಂದ್ಕೋತಾರೆ ಅಂತ. ಅದಕ್ಕೆ ಪರದೆ ಎಳೆದೆ. ಅಪ್ಪ ಆಮೇಲೆ ನೋಡಿ ಏನು ಕೇಳಿದ್ರು ಗೊತ್ತಾ? 'ಪುಟ್ಟಿ ಎಲ್ಲೋ?' ಅಂತ ಕೇಳಿದ್ರು."



"ಲೋಟ?" ಎಂದರು ಟೀಚರ್.

"ಯಾವ ಲೋಟ? ಓ, ಅದಾ. ನನ್ನ ಟೀ ಅದು. ಬರೆಯುವಾಗ ಅಲ್ಲೇ ಇಟ್ಕೋತಿದ್ದೆ. ಕಣ್ಣೆದುರಿಗೆ ಇತ್ತು, ಬರೆದೆ."

ಕಣ್ಣೆದುರಿಗೆ ಟೀ ಇತ್ತು, ಬರೆದ. ಪೊರಕೆ ಇತ್ತು, ಬರೆದ. ಪೊರಕೆಗೆ ಭುಜ ತಾಗುವಷ್ಟು ಹತ್ತಿರ ಒಂದು ಹುಡುಗಿ ನೊಣವನ್ನೂ ಓಡಿಸದೆ ಕೂತಿದ್ದಳು.

ತಂಗಿಯ ಮುಖ ನೋಡಿ ಅಣ್ಣನಿಗೆ ಏನೋ ಅನಿಸಿರಬೇಕು. "ಅಷ್ಟು ಆಸೆ ಇದ್ರೆ ಈಗ ಬರೀತೀನಿ ಬಾರೇ," ಎಂದು ನಡುಗುವ ಕೈಯಲ್ಲೇ ಪೆನ್ಸಿಲು ತಡಕಾಡಿದರು. "ಕೂತ್ಕೋ ಅಲ್ಲಿ, ಬೆಳಕಿಗೆ."

"ಬೇಡ ಅಣ್ಣ. ನನಗೆ ಸುಮ್ಮನೆ ಕೂರೋಕೆ ಬರುತ್ತೆ ಅಂತ ಒಂದು ಸಲ ಗೊತ್ತಾಯ್ತಲ್ಲ, ಸಾಕು."

ಮನೆಗೆ ಬಂದಾಗ ಗಂಡ ಎಲ್ಲ ಕೇಳಿಸಿಕೊಂಡರು. ಆ ದಿನ ಅವರಿಗೂ ತಮಾಷೆ ಹೊಳೆಯಲಿಲ್ಲ. "ನಿಮ್ಮಪ್ಪ ಕೇಳಿದ್ರಲ್ಲ," ಎಂದಷ್ಟೇ ಹೇಳಿ ನೋಡಿದರು. ಅದು ಸಮಾಧಾನದ ಮಾತಲ್ಲವೆಂದು ಹೇಳಿದ ಮೇಲೆ ಹೊಳೆದು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡರು.

ಗ್ಯಾಲರಿಯಲ್ಲಿ ಮಾತ್ರ ಸಂಭ್ರಮ. ಪೊರಕೆ ಪತ್ರಿಕೆಯಲ್ಲಿ ಬಂತು. ನಿರ್ದೇಶಕ ಫಲಕ ಬದಲಾಯಿಸಿ, ದುಡಿಮೆಯನ್ನು ಮರೆಮಾಚುವ ಮನೆತನದ ಬಗ್ಗೆ ಮೂರು ಉದ್ದದ ವಾಕ್ಯ ಬರೆಸಿದ. ಲಕೋಟೆ ಬೇಕೆನ್ನುವ ಮನೆಗಳು ಹೆಚ್ಚಾದವು. "ಮೇಡಂ, ಇನ್ನೊಂದು ತಿಂಗಳು ಇದೇ ಚಿತ್ರ ಮುಂದುವರಿಸಿ," ಎಂದು ಅಪ್ಪಣೆಯಾಯಿತು.

ಮುಂದುವರಿಸಿದ ಮೊದಲ ಶನಿವಾರ ಹೊಲಿಗೆಯವಳ ಮಗಳು ಬರಲಿಲ್ಲ. ಅದರ ಮುಂದಿನ ವಾರವೂ ಅವಳ ಜಾಗ ಖಾಲಿ. ಟೀಚರ್ ಫೋನ್ ಮಾಡಿದರು.

"ಬರಲ್ಲ ಅಂತ ಹಟ ಮೇಡಂ," ಎಂದಳು ಹೊಲಿಗೆಯವಳು. "ಪರದೆ ಹಿಂದೆ ಹುಡುಗಿ ಇದ್ದಾಳೆ ಅಂತ ಶಾಲೇಲೆಲ್ಲಾ ಡಂಗುರ ಹೊಡೆದಿದ್ಲು. ಈಗ ಕ್ಲಾಸಿನವರು ಇವಳನ್ನೇ ಪೊರಕೆ ಅಂತ ಕರೀತಾರಂತೆ. ಮಕ್ಕಳ ಬುದ್ಧಿ, ಸರಿ ಹೋಗ್ತಾಳೆ ಬಿಡಿ. ನಿಜ ಹೇಳಬೇಕಂದ್ರೆ ನಷ್ಟ ನನಗೇ. ನಿಮ್ಮ ಕ್ಲಾಸಲ್ಲಿ ಅವಳು ಕದಲದೆ ಕೂತಿದ್ರೆ ನನಗೊಂದಿಷ್ಟು ಹೊಲಿಗೆ ಸಾಗ್ತಿತ್ತು. ಅದಕ್ಕೇ ತಾನೇ ಕೂರಿಸ್ತಿದ್ದುದು!"

ಟೀಚರ್, "ಮಗು ಕೈಗೆ ಕೊಡಿ" ಎಂದರು.

"ಹೂಂ," ಎಂದಿತು ಪುಟ್ಟ ದನಿ.

"ಮರಿ, ಅಲ್ಲಿ ಹುಡುಗಿ ಇದ್ದಾಳೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

"ಹೇಳಲಿಲ್ಲ." ಹುಡುಗಿ ಯೋಚಿಸಿದಳು. "ಆದ್ರೆ ನಾನು ಲೋಟ ಅಂದ್ರೆ ಆಮೇಲೆ ಅಂದ್ರಿ. ಅಜ್ಜಿ ಅಂದ್ರೂ ಆಮೇಲೆ ಅಂದ್ರಿ. ಪರದೆ ಉಬ್ಬಿದೆ ಅಂದಾಗ ಮಾತ್ರ ನಿಮ್ಮ ಮುಖ ಹೀಗೆ ಮುಂದಕ್ಕೆ ಬಂತು. ಅದಕ್ಕೇ ಹುಡುಗಿ ಅಂದೆ."

"ಹಾಗಾದ್ರೆ ಅದು ನೀನು ಕಂಡಿದ್ದಲ್ಲ ಮರಿ. ನಾನು ಕಾಣಿಸಿದ್ದು. ತಪ್ಪು ನಂದು."

"ಗೊತ್ತು," ಎಂದಳು ಹುಡುಗಿ. "ಅಮ್ಮನಿಗೆ ಕೊಡ್ಲಾ?"

ಫೋನು ಅಮ್ಮನ ಕೈಗೆ ಹೋಗಲಿಲ್ಲ. ಅಲ್ಲೇ ಎಲ್ಲೋ ಬಟ್ಟೆಯ ರಾಶಿಯ ಮೇಲಿಟ್ಟು ಹುಡುಗಿ ಆಡಲು ಓಡಿರಬೇಕು. ದೂರದಲ್ಲಿ ಬಾಗಿಲು ಬಡಿದ ಸದ್ದು ಕೇಳಿತು, ಆಮೇಲೆ ಬರೀ ಹೊಲಿಗೆ ಯಂತ್ರದ ಕಟಕಟ. ಗಂಡ ಒಳಗಿನಿಂದ ಊಟಕ್ಕೆ ಕರೆದು, ಹೊರಗೆ ಬಂದು ನೋಡಿದಾಗಲೂ ಟೀಚರ್ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದರು.